ಮಾಳಿಗೆ, ತಾರಸಿ ಮತ್ತು ಚಕ್ರದ ಮೇಲಿನ ಮನೆ

ಕಳೆದ ಏಪ್ರಿಲ್ ತಿಂಗಳ ಒಂದು ಮುಂಜಾನೆ, ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಪತ್ರ ಬಂದಿತು. ಪತ್ರವೆಂದರೆ ಈ ಕಾಲದ ಪತ್ರ. ಮೊಬೈಲಿನಲ್ಲಿ ನಾಲ್ಕು ಛಾಯಾಚಿತ್ರಗಳು, ಅವುಗಳ ಕೆಳಗೆ ಹತ್ತು ಸಾಲಿನ ಒಕ್ಕಣೆ. ಆತ ಹಿಂದಿನ ವರ್ಷ ಒಂದು ಹಳೆಯ ಮೋಟಾರ್‌ಹೋಮ್ ಕೊಂಡಿದ್ದಾನಂತೆ. ಈ ಹೆಸರು ಕೇಳಿರದ ನನ್ನ ಬಂಧುಗಳಿಗಾಗಿ ಒಂದು ಮಾತು: ಮೋಟಾರ್‌ಹೋಮ್ ಎಂದರೆ ಸುಮಾರಾಗಿ ನಮ್ಮ ಬಸ್ಸಿನ ಆಕಾರದ ಒಂದು ವಾಹನ. ಒಳಗೆ ಮಲಗುವ ಮಂಚ, ಅಡುಗೆಯ ಒಲೆ, ನೀರಿನ ತೊಟ್ಟಿ, ಶೌಚಾಲಯ ಎಲ್ಲವೂ ಇರುತ್ತವೆ. ರಜೆ ಬಂದಾಗ ಸಂಸಾರಸಮೇತ ಅದರಲ್ಲಿ ಕುಳಿತು ಊರೂರು ತಿರುಗಿ ಬರುತ್ತಾರೆ. ಚಳಿಗಾಲವೆಲ್ಲ ಹಿಮದಡಿ ನಿಂತಿದ್ದ ಆ ಬಂಡಿಯ ಬಾಗಿಲು ತೆರೆದು ನೋಡಿದಾಗ ಒಳಚಾವಣಿಯ ಮೂಲೆಯಲ್ಲಿ ಚಹಾ ಚೆಲ್ಲಿದಂಥ ಕಂದು ಕಲೆ ಕಂಡಿತಂತೆ. ಏಣಿ ಹಾಕಿ ಮೇಲೆ ನೋಡಿದರೆ, ಗಾಳಿಕಿಂಡಿಯ ಸುತ್ತ ಹಚ್ಚಿದ್ದ ಮೇಣದಂಥ ಲೇಪ ಒಣಗಿ ಬಿರುಕುಬಿಟ್ಟಿದೆ. ಅದನ್ನು ಸರಿಪಡಿಸಲು ಕಸುಬಿನವರು ಕೇಳುವ ಹಣ ಬಹಳ. ಗೆಳೆಯರಾದರೋ "ಎರಡು ವಿಡಿಯೊ ನೋಡು, ನೀನೇ ಮಾಡಿಕೊಳ್ಳಬಹುದು" ಎನ್ನುತ್ತಿದ್ದಾರೆ.

"ಸಾರ್, ನಾನೇ ಮಾಡಿಕೊಳ್ಳಲೋ, ಅವರಿಗೇ ಕೊಡಲೋ? ನೀವು ವಿಜ್ಞಾನದ ಮೇಷ್ಟ್ರು. ಒಂದು ಮಾತು ಹೇಳಿ" ಎಂದು ಬರೆದಿದ್ದ.

ಪತ್ರವನ್ನು ಗಟ್ಟಿಯಾಗಿ ಓದಿದೆ. ಸೊಪ್ಪು ಸೋಸುತ್ತಿದ್ದ ನನ್ನ ಶ್ರೀಮತಿಯವರು ತಲೆಯೆತ್ತದೆಯೇ, "ನಮ್ಮ ಮನೆ ಸೋರಿದ ಕತೆ ಆ ಹುಡುಗನಿಗೆ ಯಾರೂ ಹೇಳಿಲ್ಲ ಅಂತ ಕಾಣುತ್ತೆ" ಎಂದರು.

ಮಾತು ನಿಜ. ಆ ಕತೆಯನ್ನು ನಾನು ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಹೇಳಿಕೊಳ್ಳುವಂಥದ್ದೂ ಅದಲ್ಲ. ಆದರೆ ಕೇಳಿದವನು ಶಿಷ್ಯ. ಅವನಿಗೆ ಅರ್ಧ ಸತ್ಯವನ್ನು ಹೇಳಲು ಮನಸ್ಸು ಒಪ್ಪಲಿಲ್ಲ. ಹೀಗಾಗಿ ಈ ಬರಹ.

ನಾನು ಹುಟ್ಟಿ ಬೆಳೆದದ್ದು ಹರಿಹರದಲ್ಲಿ. ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಗಂಟೆಯ ಸದ್ದು ಕೇಳುವಷ್ಟು ಸಮೀಪದಲ್ಲಿ, ತುಂಗಭದ್ರೆಯ ಕಡೆಗೆ ಇಳಿಯುವ ಓಣಿಯೊಂದರಲ್ಲಿ ನಮ್ಮ ಮನೆಯಿತ್ತು. ಅದು ಮಣ್ಣಿನ ಮಾಳಿಗೆಯ ಮನೆ. ದಪ್ಪ ತೊಲೆಗಳು, ಅವುಗಳ ಮೇಲೆ ಸಾಲಾಗಿ ಜಂತೆಗಳು, ಜಂತೆಗಳ ಮೇಲೆ ಸೀಳಿದ ಕಟ್ಟಿಗೆ, ಅದರ ಮೇಲೆ ಸೊಪ್ಪು ಸದೆ, ಎಲ್ಲಕ್ಕೂ ಮೇಲೆ ಒಂದು ಮೊಳಕ್ಕೆ ಕಡಿಮೆಯಿಲ್ಲದ ಮಣ್ಣು. ನಡುಮನೆಗೆ ಬೆಳಕು ಬರಲೆಂದು ಒಂದು ಗವಾಕ್ಷಿ. ಮಳೆ ಬಂದಾಗ ಅದರ ಮೇಲೆ ತಗಡು ಎಳೆಯುವುದು ಮಕ್ಕಳಾದ ನಮ್ಮ ಕೆಲಸ.

ಪ್ರತಿ ವರ್ಷ ರೋಹಿಣಿ ಮಳೆ ಹುಟ್ಟುವುದರೊಳಗೆ, ಅಂದರೆ ಮೇ ತಿಂಗಳ ಕೊನೆಯ ವಾರಕ್ಕೆ ಮುನ್ನ, ಅಪ್ಪ ಮಾಳಿಗೆ ಹತ್ತುತ್ತಿದ್ದರು. ಮೊದಲು ಬೇರುಸಹಿತ ಹುಲ್ಲು ಕೀಳುವುದು. ಬಳಿಕ ಇಲಿ ಹೆಗ್ಗಣ ತೋಡಿದ ಬಿಲಗಳಿಗೆ ಕಲಸಿದ ಮಣ್ಣು ತುಂಬಿ ಕೋಲಿನಿಂದ ಗಿಡಿಯುವುದು. ಆಮೇಲೆ ಗಾಡಿಯಲ್ಲಿ ತರಿಸಿದ ಕರಲು ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಹರಡಿ, ದಿಮ್ಮಸು ಹಾಕಿ, ನೀರು ದೋಣಿಯ ಕಡೆಗೆ ಹರಿಯುವಂತೆ ವಾಟ ಮಾಡುವುದು. ಈ ಕರಲು ಮಣ್ಣು ರೈತನಿಗೆ ಶತ್ರು. ಅದಿರುವ ಹೊಲದಲ್ಲಿ ಮಳೆಯ ನೀರು ಇಂಗದೆ ಮೇಲೆಯೇ ನಿಲ್ಲುತ್ತದೆ, ಬೆಳೆ ಏಳುವುದಿಲ್ಲ. ಮಾಳಿಗೆಗೆ ಅದೇ ಮಿತ್ರ. ಅದರಲ್ಲಿ ಸೋಡಿಯಂ ಲವಣ ಹೆಚ್ಚು. ನೀರು ತಗುಲಿದೊಡನೆ ಅದರ ಜೇಡಿಯ ಕಣಗಳು ಬಿಡಿಬಿಡಿಯಾಗಿ ಚೆದುರಿ, ಉಬ್ಬಿ, ಇರುವ ಸಣ್ಣ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ. ಹೊಲವನ್ನು ಕೆಡಿಸುವ ಗುಣವೇ ಮನೆಯನ್ನು ಕಾಯುವ ಗುಣ. ಇದರ ರಸಾಯನಶಾಸ್ತ್ರವನ್ನು ನಾನು ಕಾಲೇಜಿನಲ್ಲಿ ಓದಿದೆ. ಅಪ್ಪ ಓದದೆಯೇ ಬಲ್ಲವರಾಗಿದ್ದರು.

ಎಷ್ಟು ಜಾಗರೂಕತೆ ವಹಿಸಿದರೂ ಕೆಲವೊಮ್ಮೆ ಮಾಳಿಗೆ ಸೋರುತ್ತಿತ್ತು. ಮಣ್ಣಿನ ಮಾಳಿಗೆಗಳ ನಾಡಿದು. ಶಿಶುನಾಳ ಶರೀಫರು ಸೋರುವ ಮಾಳಿಗೆಯ ಮೇಲೆಯೇ ತತ್ವಪದ ಕಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ. ಅವ್ವ ಹನಿ ಬೀಳುವಲ್ಲೆಲ್ಲ ತಪ್ಪಲೆ, ಚೆಂಬು, ಬೋಗುಣಿ ಇಡುತ್ತಿದ್ದರು. ಅಪ್ಪ ಮಾತ್ರ ಹನಿ ಬೀಳುವ ಜಾಗವನ್ನು ನೋಡುತ್ತಲೇ ಇರಲಿಲ್ಲ. ತಲೆಯ ಮೇಲೆ ಗೋಣಿಕೊಪ್ಪೆ ಹಾಕಿಕೊಂಡು ಮೇಲೆ ಹತ್ತಿ, ಬರಿಗಾಲಿನಲ್ಲಿ ಮೆಲ್ಲಗೆ ನಡೆದಾಡುತ್ತಿದ್ದರು. ಕಾಲಿಗೆ ಮೆತ್ತಗೆ ಸಿಕ್ಕಿದಲ್ಲಿ ನಿಲ್ಲುತ್ತಿದ್ದರು. "ನೀರು ಇಳಿಯೋದು ಒಂದು ಕಡೆ, ಜಂತಿ ಹಿಡಿದು ಹರಿದು ಬೀಳೋದು ಇನ್ನೊಂದು ಕಡೆ. ಕೆಳಗೆ ನಿಂತು ನೋಡಿದರೆ ಸಿಗೋದಿಲ್ಲ" ಎನ್ನುತ್ತಿದ್ದರು. ಆಗ ನನಗೆ ಒಂಬತ್ತು ಹತ್ತು ವರ್ಷ. ಕೇಳಿಸಿಕೊಂಡೆ, ಕಲಿತುಕೊಳ್ಳಲಿಲ್ಲ.

ಚಾವಣಿಯ ವಿಷಯದಲ್ಲಿ ನನಗೆ ದೊರೆತ ಎರಡನೆಯ ಪಾಠ ಬಸ್ಸಿನಲ್ಲಿ. 1983ರಲ್ಲಿ ನಾನು ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಉಪಾಧ್ಯಾಯನಾಗಿ ಸೇರಿದೆ. ಮೊದಲ ಹನ್ನೆರಡು ವರ್ಷ ಹರಿಹರದಿಂದಲೇ ಓಡಾಟ. ಹದಿನಾಲ್ಕು ಕಿಲೋಮೀಟರುಗಳ ದಾರಿ. ಬೆಳಗಿನ ಬಸ್ಸೊಂದು ಮಳೆಗಾಲದಲ್ಲಿ ಎಂತಹ ಸ್ಥಿತಿಯಲ್ಲಿರುತ್ತಿತ್ತೆಂದರೆ, ಪ್ರಯಾಣಿಕರು ಒಳಗೆ ಕುಳಿತು ಕೊಡೆ ಬಿಡಿಸುತ್ತಿದ್ದರು. ಆಗಿನ ಬಸ್ಸುಗಳ ಮೇಲೆ ಸಾಮಾನು ಹೇರಲು ಕಂಬಿಗಳ ಕ್ಯಾರಿಯರ್ ಇರುತ್ತಿದ್ದುದನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬೇಕು. ನಮ್ಮ ಓಣಿಯ ನೆರೆಯವರೊಬ್ಬರು ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುತ್ತಿದ್ದರು. 1941ರಲ್ಲಿ ಆರಂಭವಾಗಿ, ಊರಿಗೆ ಊರೇ ಬದುಕು ಕಟ್ಟಿಕೊಳ್ಳಲು ಕಾರಣವಾದ ಕಾರ್ಖಾನೆ ಅದು, ಈಗಿಲ್ಲ. ಒಂದು ದಿನ ಅವರು ನನ್ನ ಪಕ್ಕ ಕುಳಿತಿದ್ದಾಗ ಹನಿಗಳ ಸಾಲನ್ನು ಬೆರಳಿಟ್ಟು ತೋರಿಸಿ ಹೇಳಿದರು: "ಮೇಷ್ಟ್ರೇ, ನೋಡಿ. ತಗಡು ಎಲ್ಲಿಯೂ ತೂತಾಗಿಲ್ಲ. ಕ್ಯಾರಿಯರ್ ಕೂರಿಸಲು ಬೋಲ್ಟು ಹಾಕಿದ್ದಾರಲ್ಲ, ಅಷ್ಟೂ ಕಡೆ ಸೋರುತ್ತಿದೆ. ಬೋಲ್ಟಿನ ತಲೆಯ ಕೆಳಗಿನ ರಬ್ಬರ್ ವಾಷರು ಬಿಸಿಲಿಗೆ ಸತ್ತುಹೋಗಿದೆ." ನಾಲ್ಕಾಣೆಯ ವಾಷರಿಗಾಗಿ ಐವತ್ತು ಜನ ನೆನೆಯುತ್ತಿದ್ದೆವು. ಆ ಮಾತನ್ನೂ ಕೇಳಿಸಿಕೊಂಡೆ.

1996ರಲ್ಲಿ ಸಾಲ ಮಾಡಿ ದಾವಣಗೆರೆಯಲ್ಲಿ ಸ್ವಂತ ಮನೆ ಕಟ್ಟಿಸಿದೆ. ಆರ್.ಸಿ.ಸಿ. ತಾರಸಿ. ಮನೆ ನೋಡಲು ಬಂದ ಅಪ್ಪ ಮೆಟ್ಟಿಲು ಹತ್ತಿ ತಾರಸಿಯ ಮೇಲೆ ನಿಂತು, ಬರಿಗಾಲಿನಿಂದ ಅದನ್ನು ಒತ್ತಿ ನೋಡಿ, "ಇದಕ್ಕೆ ವರ್ಷಾ ವರ್ಷಾ ಏನು ಮಾಡಬೇಕು?" ಎಂದು ಕೇಳಿದರು. "ಏನೂ ಬೇಕಾಗಿಲ್ಲ ಅಪ್ಪ, ಇದು ಕಲ್ಲಾಗಿಬಿಟ್ಟಿದೆ" ಎಂದೆ. ಅಪ್ಪ ಮಾತನಾಡಲಿಲ್ಲ. ಆ ಮೌನವನ್ನು ಒಪ್ಪಿಗೆಯೆಂದೇ ತಿಳಿದೆ. ಮುಂದೆ ಹದಿನಾರು ವರ್ಷ ನಾನು ತಾರಸಿ ಹತ್ತುತ್ತಿದ್ದುದು ಹಪ್ಪಳ ಸಂಡಿಗೆ ಒಣಗಿಸಲು ಮಂಚ ಹೊತ್ತುಕೊಡುವುದಕ್ಕೆ, ಮಕ್ಕಳಿಗೆ ನಕ್ಷತ್ರ ತೋರಿಸುವುದಕ್ಕೆ ಮಾತ್ರ. 2010ರಲ್ಲಿ ಸೌರಶಕ್ತಿಯ ನೀರು ಕಾಯಿಸುವ ಯಂತ್ರ ಹಾಕಿಸಿದೆ. ಅದರ ಕಾಲುಗಳನ್ನು ಭದ್ರಪಡಿಸಲು ತಾರಸಿಯನ್ನು ಕೊರೆದು ಬೋಲ್ಟು ಕೂರಿಸುವಾಗ ಪಕ್ಕದಲ್ಲೇ ನಿಂತು ಸಂತೋಷಪಟ್ಟವನೂ ನಾನೇ. ಬಸ್ಸಿನ ಬೋಲ್ಟು ಆಗ ನೆನಪಿಗೆ ಬರಲಿಲ್ಲ.

ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಒಳಕೋಣೆಯ ಸೂರಿನಲ್ಲಿ ಒಂದು ಕಲೆ ಕಾಣಿಸಿತು. ಮೊದಲು ಅಂಗೈಯಷ್ಟು, ಮರುವರ್ಷ ತಟ್ಟೆಯಷ್ಟು. ದಾವಣಗೆರೆಯೇನು ಮಲೆನಾಡಲ್ಲ, ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಬೀಳುವ ಮಳೆಗೆ ಹೆದರುವುದುಂಟೇ ಎಂದುಕೊಂಡೆ. ಸುಣ್ಣ ಬಳಿಸಿದೆ, ಕಲೆ ಮರೆಯಾಯಿತು, ಮತ್ತೆ ಬಂತು. 2017ರ ಬೇಸಿಗೆ ರಜೆಯಲ್ಲಿ ನಾನೇ ಕಾರ್ಯಪ್ರವೃತ್ತನಾದೆ. ಅರ್ಧ ಚೀಲ ಸಿಮೆಂಟನ್ನು ಬಕೆಟಿನಲ್ಲಿ ತಿಳಿಯಾಗಿ ಕಲಸಿ, ತೆಂಗಿನ ನಾರಿನ ಕುಂಚದಿಂದ, ಕಲೆಯಿದ್ದ ಜಾಗದ ಸರಿಯಾಗಿ ಮೇಲಕ್ಕೆ, ಕಂಡ ಬಿರುಕುಗಳ ಮೇಲೆಲ್ಲ ಬಳಿದೆ. ಹಣ ಉಳಿಯಿತೆಂಬ ಹೆಮ್ಮೆ, ಬೆನ್ನುನೋವು ಎರಡೂ ಒಂದು ವಾರ ಇದ್ದವು. ಆ ವರ್ಷ ಮಳೆ ಮುಗಿಯುವ ಮೊದಲೇ ಬಿರುಕು ಮತ್ತೆ ಬಾಯಿಬಿಟ್ಟಿತು.

ಏಕೆಂದು ಆಗಲೇ ಲೆಕ್ಕ ಹಾಕಬಹುದಾಗಿತ್ತು. ಹತ್ತು ಮೀಟರ್ ಉದ್ದದ ಕಾಂಕ್ರೀಟು 30 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾಯ್ದರೆ ಸುಮಾರು ಮೂರು ಮಿಲಿಮೀಟರ್ ಹಿಗ್ಗುತ್ತದೆ; ಆರಿದಾಗ ಅಷ್ಟೇ ಕುಗ್ಗುತ್ತದೆ. ನಮ್ಮೂರಿನ ಬೇಸಿಗೆಯ ತಾರಸಿ ಪ್ರತಿದಿನ ಈ ವ್ಯಾಯಾಮ ಮಾಡುತ್ತದೆ. ಅದರ ಬಿರುಕಿನಲ್ಲಿ ತುಂಬುವ ವಸ್ತುವಿಗೆ ಎಳೆದರೆ ಹಿಗ್ಗುವ ಗುಣವಿರಬೇಕು. ಸಿಮೆಂಟಿನ ತಿಳಿಗೆ ಆ ಗುಣವಿಲ್ಲ, ಅದು ಒಡೆಯುತ್ತದೆ. ಉಷ್ಣದಿಂದ ಘನವಸ್ತುಗಳ ವ್ಯಾಕೋಚನವನ್ನು ಉಂಗುರ ಮತ್ತು ಗುಂಡಿನ ಪ್ರಯೋಗ ಮಾಡಿ ತೋರಿಸಿ ಎಷ್ಟು ತರಗತಿಗಳಿಗೆ ಬೋಧಿಸಿದ್ದೆನೋ! ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ನನ್ನ ಕೈಕೆಲಸ ಸೋತ ಮೇಲೆ, ನಿವೃತ್ತಿಯ ಮರುವರ್ಷ, 2019ರಲ್ಲಿ ಕಸುಬಿನವರೆಂದು ಹೇಳಿಕೊಂಡು ಬಾಗಿಲಿಗೆ ಬಂದ ಒಬ್ಬರಿಗೆ ಕೆಲಸ ಒಪ್ಪಿಸಿದೆ. ಒಂದೇ ದಿನದಲ್ಲಿ ತಾರಸಿಯನ್ನೆಲ್ಲ ಬೆಳ್ಳಗೆ ಮಾಡಿ, ಹತ್ತು ವರ್ಷದ ಗ್ಯಾರಂಟಿಯೆಂದು ಬಣ್ಣದ ಕಾರ್ಡೊಂದನ್ನು ಕೊಟ್ಟು ಹೋದರು. ತಾರಸಿ ಗುಡಿಸಿದ್ದರೇ ಹೊರತು ತೊಳೆದಿರಲಿಲ್ಲ. ಬಿರುಕನ್ನು ಬಿಡಿಸಿ ತುಂಬಿರಲಿಲ್ಲ. ಧೂಳಿನ ಮೇಲೆ ಹಚ್ಚಿದ ಬಿಳಿಯ ಲೇಪ ಎರಡನೆಯ ಬೇಸಿಗೆಗೆ ಈರುಳ್ಳಿ ಸಿಪ್ಪೆಯಂತೆ ಎದ್ದಿತು. ಕಾರ್ಡಿನಲ್ಲಿದ್ದ ದೂರವಾಣಿಗೆ ಕರೆ ಮಾಡಿದರೆ ಆ ಸಂಖ್ಯೆ ಚಾಲ್ತಿಯಲ್ಲಿಲ್ಲ. ಅವರನ್ನು ಬಹಳ ದಿನ ಬೈದುಕೊಂಡೆ. ಆದರೆ ವಿಚಾರಿಸಿ ನೋಡಿದರೆ ಅವರ ತಪ್ಪು, ನನ್ನ ತಪ್ಪು ಎರಡೂ ಒಂದೇ ಆಗಿದ್ದವು: ನೀರು ಎಲ್ಲಿ ಇಳಿಯುತ್ತಿದೆಯೆಂದು ಇಬ್ಬರೂ ಹುಡುಕಿರಲಿಲ್ಲ.

2021ರ ನವೆಂಬರ್ ತಿಂಗಳಿನಲ್ಲಿ ಕರ್ನಾಟಕದಾದ್ಯಂತ ಸುರಿದ ಅಕಾಲಿಕ ಮಳೆ ನಿಮಗೆ ನೆನಪಿರಬಹುದು. ಕಟಾವಿಗೆ ಬಂದ ಭತ್ತ, ರಾಗಿ ನೆಲಕ್ಕೊರಗಿದ ವರ್ಷ ಅದು. ಕೊರೊನಾ ಕಾಲವಾದ್ದರಿಂದ ಮಗಳು ಬೆಂಗಳೂರು ಬಿಟ್ಟು ನಮ್ಮಲ್ಲಿಗೇ ಬಂದು ಮನೆಯಿಂದಲೇ ಕಚೇರಿ ಕೆಲಸ ಮಾಡುತ್ತಿದ್ದಳು. ಐದು ವರ್ಷದ ಮೊಮ್ಮಗಳು ಮಧ್ಯಾಹ್ನ ಊಟವಾದ ಮೇಲೆ ಒಳಕೋಣೆಯ ಮಂಚದ ಮೇಲೆ ಮಲಗುವುದು ರೂಢಿ. ಅಂದು ಮೂರು ಗಂಟೆಯ ಸುಮಾರಿಗೆ ಎಚ್ಚರವಾಗಿ, ಅಜ್ಜಿ ಹಾಲು ಕಾಯಿಸುವ ಸದ್ದು ಕೇಳಿ ಅಡುಗೆಮನೆಗೆ ಎದ್ದು ಹೋಗಿದ್ದಾಳೆ. ಲೋಟ ಕೈಗೆ ಬಂದಿತ್ತೋ ಇಲ್ಲವೋ, ಒಳಕೋಣೆಯಲ್ಲಿ ದೊಪ್ಪನೆ ಸದ್ದು. ಹೋಗಿ ನೋಡಿದರೆ ಸೂರಿನಿಂದ ಕಾಂಕ್ರೀಟಿನ ಹಳಕೊಂದು ಕಳಚಿ, ಸರಿಯಾಗಿ ಅವಳ ತಲೆದಿಂಬಿನ ಮೇಲೆ ಬಿದ್ದಿದೆ. ಎರಡು ಕೈಯಲ್ಲಿ ಎತ್ತುವಷ್ಟು ಭಾರ. ದಿಂಬಿನಲ್ಲಿ ಅವಳ ತಲೆ ಇಟ್ಟಿದ್ದ ಗುಣಿ ಹಾಗೆಯೇ ಉಳಿದಿತ್ತು. ಅದರ ತುಂಬ ಸಿಮೆಂಟಿನ ಪುಡಿ.

ಮೇಲೆ ನೋಡಿದೆ. ಹಳಕು ಬಿದ್ದ ಜಾಗದಲ್ಲಿ ಕಬ್ಬಿಣದ ಸರಳುಗಳು ಕೆಂಪಗೆ, ಪದರು ಪದರಾಗಿ ಉಬ್ಬಿ ನಿಂತಿದ್ದವು.

ಶಿಷ್ಯ ಮಿತ್ರರೇ, ನಿಮ್ಮಲ್ಲಿ ಯಾರಾದರೂ ಆ ಮೂರು ಪ್ರನಾಳಗಳನ್ನು ಮರೆತಿದ್ದೀರಾ? ಒಂದರಲ್ಲಿ ನೀರು, ಗಾಳಿ, ಮೊಳೆ. ಎರಡನೆಯದರಲ್ಲಿ ಕುದಿಸಿ ಆರಿಸಿದ ನೀರು, ಅದರ ಮೇಲೊಂದು ಪದರ ಎಣ್ಣೆ, ಒಂದು ಮೊಳೆ. ಮೂರನೆಯದರಲ್ಲಿ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡು, ಒಂದು ಮೊಳೆ. ತುಕ್ಕು ಹಿಡಿಯುವುದು ಮೊದಲನೆಯದು ಮಾತ್ರ, ಏಕೆಂದರೆ ತುಕ್ಕಿಗೆ ನೀರೂ ಬೇಕು, ಗಾಳಿಯೂ ಬೇಕು. ಮೂವತ್ತೈದು ವರ್ಷ ಪ್ರತಿ ಬ್ಯಾಚಿಗೂ ಈ ಪ್ರಯೋಗ ಮಾಡಿ ತೋರಿಸಿದವನ ಮನೆಯ ಸೂರಿನಲ್ಲಿ, ಅವನ ಮೊಮ್ಮಗಳ ತಲೆಯ ನೇರಕ್ಕೆ, ಅದೇ ಮೊದಲನೆಯ ಪ್ರನಾಳದ ಪ್ರಯೋಗ ಒಂಬತ್ತು ವರ್ಷಗಳಿಂದ ನಡೆದಿತ್ತು. ಅವನು ಅದರ ಮೇಲೆ ಸುಣ್ಣ ಬಳಿಸುತ್ತಿದ್ದ. ಆ ರಾತ್ರಿ ನಾನು ಊಟ ಮಾಡಲಿಲ್ಲ. ಮಗಳು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು.

ಮರುದಿನ ನನ್ನ ಇನ್ನೊಬ್ಬ ಹಳೆಯ ವಿದ್ಯಾರ್ಥಿಗೆ ಹೇಳಿ ಕಳಿಸಿದೆ. ಆತ ಹತ್ತನೆಯ ತರಗತಿಯಲ್ಲಿ ವಿಜ್ಞಾನದಲ್ಲಿ ಎರಡು ಸಲ ಅನುತ್ತೀರ್ಣನಾಗಿ, ಗಾರೆ ಕೆಲಸಕ್ಕೆ ಸೇರಿ, ಈಗ ಸ್ವತಃ ಮೇಸ್ತ್ರಿಯಾಗಿ ಹತ್ತು ಜನಕ್ಕೆ ಕೆಲಸ ಕೊಟ್ಟಿದ್ದಾನೆ. ಮೊದಲೇ ಕರೆಯಬಹುದಿತ್ತು. ಅನುತ್ತೀರ್ಣನೆಂದು ಅಂಕಪಟ್ಟಿಗೆ ಸಹಿ ಹಾಕಿದ ಕೈಯಿಂದ ಅವನನ್ನು ಕರೆಯಲು ಸಂಕೋಚವಾಗಿತ್ತು ಎಂಬುದೇ ನಿಜ.

ಅವನು ಬಂದವನು ದರ ಹೇಳಲಿಲ್ಲ. ಮೊದಲು ಒಳಗಿನ ಸೂರನ್ನೆಲ್ಲ ಸುತ್ತಿಗೆಯ ಮರದ ಹಿಡಿಯಿಂದ ತಟ್ಟುತ್ತ ಹೋದ. ಗಟ್ಟಿಯಿದ್ದಲ್ಲಿ ಒಂದು ಸದ್ದು, ಒಳಗೆ ಪೊಳ್ಳಾದಲ್ಲಿ ಮಡಕೆ ತಟ್ಟಿದಂಥ ಇನ್ನೊಂದು ಸದ್ದು. ಪೊಳ್ಳಿದ್ದಲ್ಲೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆದ. ಅಷ್ಟು ದೊಡ್ಡ ಗೆರೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಬಳಿಕ ತಾರಸಿಗೆ ಹತ್ತಿ, ಚಪ್ಪಲಿ ಕಳಚಿ, ಬರಿಗಾಲಿನಲ್ಲಿ ನಡೆದಾಡಿದ. ನನಗೆ ಅಪ್ಪನ ನೆನಪಾಯಿತು. ಕೊನೆಗೆ ಮೂರು ಜಾಗಗಳನ್ನು ತೋರಿಸಿದ: ಸೌರಯಂತ್ರದ ಬೋಲ್ಟುಗಳ ಬುಡ, ಪ್ಯಾರಪೆಟ್ ಗೋಡೆ ತಾರಸಿಗೆ ಕೂಡುವ ಮೂಲೆ, ನೀರು ಇಳಿಯುವ ಕೊಳವೆಯ ಬಾಯಿ. ಕಲೆಯಿದ್ದದ್ದು ಒಳಕೋಣೆಯಲ್ಲಿ; ಬೋಲ್ಟುಗಳಿದ್ದದ್ದು ಅಲ್ಲಿಂದ ಎಂಟು ಅಡಿ ಆಚೆಗೆ.

"ನಡುವೆ ಎಲ್ಲೂ ಸೋರಲ್ಲ ಸಾರ್. ನಾವು ಕೊರೆದ ಕಡೆ, ಒಂದಕ್ಕೊಂದು ಕೂಡಿಸಿದ ಕಡೆ ಸೋರುತ್ತೆ" ಎಂದ.

ನಾನು ಸರಳುಗಳ ಬಗ್ಗೆ ಕೇಳಿದೆ. ಅವನಿಗೆ ಕೆಲಸ ಗೊತ್ತು, ನನಗೆ ಕಾರಣ ಗೊತ್ತು. ಇಬ್ಬರೂ ಸೇರಿ ಅರ್ಥ ಮಾಡಿಕೊಂಡೆವು. ಹೊಸ ಕಾಂಕ್ರೀಟು ಪ್ರಬಲವಾದ ಪ್ರತ್ಯಾಮ್ಲ. ಆ ಕ್ಷಾರಗುಣವೇ ಒಳಗಿನ ಕಬ್ಬಿಣವನ್ನು ತುಕ್ಕಿನಿಂದ ಕಾಪಾಡುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡು ವರ್ಷಗಟ್ಟಲೆ ಒಳಗಿಳಿದು ಆ ಸುಣ್ಣವನ್ನು ಕಾರ್ಬೊನೇಟನ್ನಾಗಿ ಮಾರ್ಪಡಿಸುತ್ತದೆ. ಸುಣ್ಣದ ತಿಳಿನೀರಿಗೆ ಉಸಿರು ಊದಿದಾಗ ಹಾಲಿನಂತಾಗುತ್ತದಲ್ಲ, ಅದೇ ಕ್ರಿಯೆ. ಕ್ಷಾರ ಇಳಿಯಿತೆಂದರೆ ಕಬ್ಬಿಣದ ಕಾವಲು ಹೋಯಿತು. ಮೇಲಿಂದ ನೀರೂ ಬಂದರೆ ತುಕ್ಕು ಆರಂಭ. ತುಕ್ಕಿನ ಗಾತ್ರ ಮೂಲ ಕಬ್ಬಿಣದ ಎರಡರಿಂದ ಆರು ಪಟ್ಟಿನವರೆಗೆ ಬೆಳೆಯಬಲ್ಲದು. ಜಾಗ ಸಾಲದೆ ಅದು ಕಾಂಕ್ರೀಟನ್ನೇ ಒದ್ದು ಕೆಳಗೆ ಬೀಳಿಸುತ್ತದೆ. ಇದನ್ನು ಹೇಳಿದಾಗ ಅವನು ನಕ್ಕು, "ಹಿಂಗೆ ಸೂರು ತೋರಿಸಿ ಹೇಳಿದ್ದಿದ್ರೆ ಅವತ್ತೇ ಪಾಸಾಗ್ತಿದ್ದೆ ಸಾರ್" ಎಂದ. ನಾನೂ ನಕ್ಕೆ, ಆದರೆ ಆ ಮಾತು ಇನ್ನೂ ನನ್ನೊಳಗಿದೆ.

ಮಳೆ ನಿಂತು ಒಣಹವೆ ಬರುವವರೆಗೆ ಅವನು ಕೆಲಸ ಆರಂಭಿಸಲಿಲ್ಲ. ಒಳಕೋಣೆಗೆ ಬೀಗ ಹಾಕಿಸಿದ. ಜನವರಿಯಲ್ಲಿ ಸೂರಿನ ಪೊಳ್ಳು ಭಾಗವನ್ನೆಲ್ಲ ಉಳಿಯಿಂದ ಕೆತ್ತಿ, ಸರಳುಗಳ ಹಿಂಬದಿಯವರೆಗೂ ಬಿಡಿಸಿ, ತಂತಿಯ ಬ್ರಷ್ಷಿನಿಂದ ತುಕ್ಕು ಉಜ್ಜಿ, ತುಕ್ಕುನಿರೋಧಕ ಹಚ್ಚಿ, ಪಾಲಿಮರ್ ಬೆರೆಸಿದ ಗಾರೆಯನ್ನು ಪದರು ಪದರಾಗಿ ತುಂಬಿದ. ಮೇಲೆ ಹಳೆಯ ಬಿಳಿಯ ಲೇಪವನ್ನೆಲ್ಲ ಕೆರೆದು, ನೀರಿನಿಂದ ತೊಳೆದು ಒಣಗಿಸಿದ. ಸೌರಯಂತ್ರವನ್ನು ಇಳಿಸಿ, ಬೋಲ್ಟಿನ ತೂತುಗಳನ್ನು ಮುಚ್ಚಿ, ಯಂತ್ರದ ಕಾಲುಗಳಿಗೆ ತಾರಸಿಯನ್ನು ಕೊರೆಯದೆಯೇ ಮೇಲೆ ಕೂರುವ ಭಾರವಾದ ಕಾಂಕ್ರೀಟಿನ ದಿಮ್ಮಿಗಳನ್ನು ಮಾಡಿದ. ಗೋಡೆ ಕೂಡುವ ಚೂಪು ಮೂಲೆಯಲ್ಲಿ ನೀರು ನಿಲ್ಲದಂತೆ ಗಾರೆಯಿಂದ ದುಂಡಗೆ ಮಾಡಿದ. ಅನಂತರವೇ ರಬ್ಬರಿನಂತೆ ಹಿಗ್ಗುವ ಲೇಪ: ಒಂದು ಕೈ ಉದ್ದಕ್ಕೆ, ನಡುವೆ ನೂಲಿನ ಜಾಲರಿ, ಒಂದು ಕೈ ಅಡ್ಡಕ್ಕೆ. ಎಲ್ಲ ಒಣಗಿದ ಮೇಲೆ ಕೊಳವೆಯ ಬಾಯಿ ಕಟ್ಟಿ ಒಂದು ಅಂಗುಲ ನೀರು ನಿಲ್ಲಿಸಿ ಎರಡು ದಿನ ಬಿಟ್ಟೆವು. ಒಂದಂಗುಲವೆಂದರೂ ಪ್ರತಿ ಚದರ ಮೀಟರಿಗೆ 25 ಕಿಲೊ ಭಾರ. ಹಳೆಯ ತಾರಸಿಗೆ ಅದಕ್ಕಿಂತ ಹೆಚ್ಚು ಬೇಡವೆಂದ. ಎರಡು ರಾತ್ರಿ ನಾನು ಟಾರ್ಚ್ ಹಿಡಿದು ಸೂರು ನೋಡುತ್ತ ಕುಳಿತಿದ್ದೆ. ಒಂದು ಹನಿಯೂ ಕಾಣಲಿಲ್ಲ.

ಇನ್ನು ಅಮೆರಿಕದ ಶಿಷ್ಯನಿಗೆ ಉತ್ತರ ಬರೆಯಬೇಕಾಗಿತ್ತು. ಅದಕ್ಕಾಗಿ ಆ ಬಂಡಿಗಳ ಬಗ್ಗೆ ಕುಳಿತು ಓದಿದೆ. ಅವುಗಳ ಚಾವಣಿ ತೆಳುವಾದ ಪ್ಲೈವುಡ್ ಹಲಗೆ. ಅದರ ಮೇಲೆ ಬಹುಮಟ್ಟಿಗೆ ರಬ್ಬರಿನ ಒಂದು ಹಾಳೆ, ಕೆಲವಕ್ಕೆ ಫೈಬರ್‌ಗ್ಲಾಸ್, ಕೆಲವಕ್ಕೆ ಅಲ್ಯೂಮಿನಿಯಂ. ಗಾಳಿಕಿಂಡಿ, ಬೆಳಕಿಂಡಿ, ಹವಾನಿಯಂತ್ರಕ, ಏಣಿ, ಆಂಟೆನಾ ಎಂದು ಅದನ್ನು ಹತ್ತಾರು ಕಡೆ ಕೊರೆದಿರುತ್ತಾರೆ. ಕೊರೆದ ಪ್ರತಿಯೊಂದು ಕಡೆಯೂ ಸೀಲೆಂಟ್ ಎಂಬ ಲೇಪ. ರಸ್ತೆಯ ಕುಲುಕಾಟ, ಬಿಸಿಲು, ಹಿಮ ಮೂರಕ್ಕೂ ಅದೇ ಉತ್ತರ ಹೇಳಬೇಕು. ಹರಿಹರದ ಬಸ್ಸಿನ ವಾಷರೇ ಸರಿ. ನಾನು ಅವನಿಗೆ ಬರೆದ ಉತ್ತರದ ಸಾರ ಹೀಗಿದೆ:

"ಚಿರಂಜೀವಿ, ಯಾರು ಮಾಡಬೇಕೆಂಬ ಪ್ರಶ್ನೆಯನ್ನು ಆಮೇಲೆ ಇಟ್ಟುಕೊ. ಮೊದಲು ನೀನೇ ಮೇಲೆ ಹೋಗಿ ನೋಡು. ಬಂಡಿಯ ಎತ್ತರ ಹನ್ನೊಂದು ಹನ್ನೆರಡು ಅಡಿಯಾದರೂ ಇರುತ್ತದೆ. ಬಿದ್ದರೆ ಉಳಿಸಿದ ಹಣವೆಲ್ಲ ಆಸ್ಪತ್ರೆಗೆ. ಇನ್ನೊಬ್ಬರು ಏಣಿ ಹಿಡಿದಿರಲಿ, ತೇವವಿದ್ದಾಗ ಹತ್ತಬೇಡ, ಅಗಲವಾದ ಹಲಗೆ ಹಾಕಿಕೊಂಡು ಮೊಣಕಾಲೂರಿ ಸಾಗು. ಕಲೆಯ ನೇರಕ್ಕೆ ಮಾತ್ರವಲ್ಲ, ಎಲ್ಲ ಕಿಂಡಿಗಳ ಸುತ್ತ, ನಾಲ್ಕು ಅಂಚುಗಳ ಉದ್ದಕ್ಕೂ ಅಂಗೈಯಿಂದ ಒತ್ತಿ ನೋಡು.

"ಒತ್ತಿದಾಗ ಗಟ್ಟಿಯಾಗಿದ್ದು, ಲೇಪ ಮಾತ್ರ ಬಿರಿದಿದ್ದರೆ ನೀನೇ ಮಾಡಬಹುದು. ಎದ್ದ ಲೇಪವನ್ನು ಪ್ಲಾಸ್ಟಿಕ್ಕಿನ ಉಳಿಯಿಂದ ಬಿಡಿಸು. ಲೋಹದ್ದು ರಬ್ಬರನ್ನು ಹರಿಯುತ್ತದೆ. ಗಟ್ಟಿಯಾಗಿ ಅಂಟಿಕೊಂಡಿರುವುದನ್ನು ಬಲವಂತದಿಂದ ಕೀಳಬೇಕಾಗಿಲ್ಲ. ಸೋಪಿನ ನೀರಿನಿಂದ ತೊಳೆದು ಪೂರ್ತಿ ಒಣಗಿಸು. ಪೆಟ್ರೋಲು, ಸೀಮೆಎಣ್ಣೆಯಂಥವು ರಬ್ಬರನ್ನು ಉಬ್ಬಿಸಿ ಕೆಡಿಸುತ್ತವೆ, ಬೇಡ. ನಿನ್ನ ಚಾವಣಿಯ ವಸ್ತು ಯಾವುದೆಂದು ತಿಳಿದು ಅದಕ್ಕೆ ಒಪ್ಪುವ ಲೇಪವನ್ನೇ ತಾ. ಸಮತಲಕ್ಕೆ ತಾನೇ ಹರಡಿಕೊಳ್ಳುವಂಥದ್ದು, ಇಳಿಜಾರಿನ ಅಂಚಿಗೆ ಹರಿಯದೆ ನಿಲ್ಲುವಂಥದ್ದು. ಸುಲಭವಾಗಿ ಸಿಗುತ್ತದೆಂದು ಸಿಲಿಕೋನ್ ಹಚ್ಚಬೇಡ. ಅದರ ಮೇಲೆ ಮುಂದೆ ಬೇರೆ ಯಾವುದೂ ಅಂಟುವುದಿಲ್ಲ. ನಿನ್ನ ತಪ್ಪನ್ನು ತಿದ್ದಲು ಬರುವವನ ದಾರಿಯನ್ನೂ ಮುಚ್ಚಿದಂತಾಗುತ್ತದೆ. ಪ್ರತಿಯೊಂದು ತಿರುಪಿನ ತಲೆಯೂ ಮುಚ್ಚಲಿ.

"ಒತ್ತಿದಾಗ ಎಲ್ಲಿಯಾದರೂ ಮೆತ್ತಗಾದರೆ, ಅಲ್ಲಿಗೆ ನಿನ್ನ ಕೆಲಸ ಮುಗಿಯಿತು. ಒಳಗಿನ ಹಲಗೆ ಕೊಳೆತಿದೆ. ಅದರ ಮೇಲೆ ಎಷ್ಟು ಲೇಪ ಹಚ್ಚಿದರೂ ಅದು ನಾನು ಸುಣ್ಣ ಬಳಿದಂತೆ. ಬಲ್ಲವರಿಗೆ ಕೊಡು. ಆದರೆ ದರ ಹೇಳುವುದಕ್ಕೆ ಮೊದಲು ಮೇಲೆ ಹತ್ತಿ ನೋಡುವವನಿಗೆ ಕೊಡು. ನೋಡದೆ ದರ ಹೇಳುವವನಿಗೆ ಬೇಡ. ಆಮೇಲೂ ವರ್ಷಕ್ಕೆ ಎರಡು ಬಾರಿ ನೀನೇ ನೋಡುತ್ತಿರಬೇಕು. ಕೈಕೆಲಸವನ್ನು ಹಣ ಕೊಟ್ಟು ಇನ್ನೊಬ್ಬರಿಂದ ಮಾಡಿಸಬಹುದು. ನಮ್ಮ ಮಕ್ಕಳು ಮಲಗುವ ಸೂರನ್ನು ನೋಡಿಕೊಳ್ಳುವ ಕೆಲಸ ನಮ್ಮದೇ."

ಹದಿನೈದು ದಿನಗಳ ಬಳಿಕ ಅವನ ಉತ್ತರ ಬಂತು. ಗಾಳಿಕಿಂಡಿಯ ಸುತ್ತ ಗಟ್ಟಿಯಾಗಿಯೇ ಇತ್ತಂತೆ. ಆದರೆ ಕಲೆಯಿಂದ ಬಹುದೂರದಲ್ಲಿ, ಮುಂಭಾಗದ ಅಂಚಿನಲ್ಲಿ, ಅಂಗೈ ಒತ್ತಿದಾಗ ಒಂದು ಗೇಣಿನಷ್ಟು ಜಾಗ ಮೆತ್ತಗೆ ಸಿಕ್ಕಿತಂತೆ. ಅಲ್ಲಿಯೇ ಕೆಳಗೆ ಅವನ ಇಬ್ಬರು ಮಕ್ಕಳು ಮಲಗುವ ಅಟ್ಟ. ಬಂಡಿಯನ್ನು ಕಸುಬಿನವರಿಗೆ ಒಪ್ಪಿಸಿ ಬಂದೆನೆಂದು ಬರೆದಿದ್ದ. ಕಿಂಡಿಗಳ ಲೇಪವನ್ನು ಮಾತ್ರ ಬೇಸಿಗೆಯಲ್ಲಿ ತಾನೇ ಮಾಡುತ್ತಾನಂತೆ.

ಈ ವರ್ಷ ನನ್ನ ಮೊಣಕಾಲು ಏಣಿಗೆ ಒಪ್ಪುವುದಿಲ್ಲ, ಆದರೆ ಮೆಟ್ಟಿಲಿಗೆ ಇನ್ನೂ ಒಪ್ಪುತ್ತದೆ. ಮೇ ತಿಂಗಳ ರಜೆಗೆ ಬಂದಿದ್ದ ಮೊಮ್ಮಗಳನ್ನು ಕರೆದುಕೊಂಡು, ರೋಹಿಣಿ ಹುಟ್ಟುವುದಕ್ಕೆ ನಾಲ್ಕು ದಿನ ಮುಂಚೆ, ಸಂಜೆಯ ತಂಪಿನಲ್ಲಿ ತಾರಸಿಗೆ ಹೋದೆ. ಈಗ ಅವಳಿಗೆ ಒಂಬತ್ತು ತುಂಬಿದೆ. ಚಪ್ಪಲಿ ಬಿಟ್ಟು ನಡೆ ಎಂದೆ. ಬಿಸಿ ಅಜ್ಜಾ ಎನ್ನುತ್ತಲೇ ನಡೆದಳು. ಮೂಲೆಗಳನ್ನು ನೋಡಿದಳು, ದಿಮ್ಮಿಗಳ ಬುಡ ನೋಡಿದಳು. ನೀರಿನ ಕೊಳವೆಯ ಬಾಯಿಗೆ ಕೈಹಾಕಿ, ಪಕ್ಕದ ಮನೆಯ ಬಾದಾಮಿ ಮರದ ಒಣ ಎಲೆಗಳನ್ನು ಒಂದು ಹಿಡಿ ಹೊರತೆಗೆದಳು. ನಾನು ಎರಡು ದಿನ ಮೊದಲೇ ನೋಡಿ ಎಲ್ಲ ಸರಿಯಿದೆಯೆಂದು ಇಳಿದು ಬಂದಿದ್ದೆ.

ಇದನ್ನು ಓದುತ್ತಿರುವ ಎಲ್ಲರಲ್ಲಿಯೂ ನನ್ನದೊಂದು ವಿನಂತಿ. ನಾಳೆ ಬೆಳಗ್ಗೆ ಒಮ್ಮೆ ನಿಮ್ಮ ಮನೆಯ ತಾರಸಿ ಹತ್ತಿ ನೋಡಿ.